ಸೈಡ್‌ಪ್ಲೇಟಿನ ಮೇಲಿನ 46

ಅಳಿಯ: ಮಾವ, ಲೂಗರ್ ಪಿಸ್ತೂಲು ಸಿಕ್ಕಿದೆ. ಒಂದೇ ಒಂದು ಬಿಡಿಭಾಗ ಬಿಟ್ಟು ಮಿಕ್ಕ ಎಲ್ಲ ನಂಬರೂ ಹೊಂದುತ್ತೆ.

ಮಾವ: ಖಾಲಿ ಇದೆಯಾ?

ಅಳಿಯ: ಇರಬೇಕು. ಎಂಬತ್ತು ವರ್ಷದಿಂದ ಬೀರುವಿನಲ್ಲೇ ಇತ್ತಂತೆ.

ಮಾವ: ಬೀರುವಿನಲ್ಲಿಟ್ಟ ಗುಂಡಿಗೆ ವಯಸ್ಸಾಗುತ್ತೆ, ಸಾವು ಬರಲ್ಲ. ಇಲ್ಲಿ ಕೊಡು. ನಳಿಗೆ ಗೋಡೆ ಕಡೆಗಿರಲಿ. ಮ್ಯಾಗಜೀನ್ ತೆಗೆದೆ. ಈಗ ಟಾಗಲ್ ಎಳೆದು ಒಳಗೆ ನೋಡ್ತೀನಿ. ಖಾಲಿ. ಗುಂಡು ಒಳಗಿದ್ದಿದ್ರೆ ಈ ಎಕ್ಸ್‌ಟ್ರಾಕ್ಟರ್ ತಲೆ ಎತ್ತಿಕೊಂಡಿರ್ತಿತ್ತು, ಅದರ ಎಡಮಗ್ಗುಲಲ್ಲಿ ‘ಗೆಲಾಡೆನ್’ ಅನ್ನೋ ಜರ್ಮನ್ ಅಕ್ಷರ ಕಾಣ್ತಿತ್ತು. ತುಂಬಿದೆ ಅಂತ ಅರ್ಥ. ಆ ಅಕ್ಷರ ಕಾಣ್ಲಿಲ್ಲ ಅಂತ ಧೈರ್ಯ ಮಾಡಬೇಡ, ಒಳಗೆ ಕಣ್ಣು ಹಾಕಿಯೇ ನೋಡು. ಇನ್ನೊಂದು ಕೇಳಿಸ್ಕೋ. ಈ ಪಿಸ್ತೂಲಿನ ಮೇಲ್ಭಾಗ ಬಿಚ್ಚಿ ಕೈಯಲ್ಲಿ ಹಿಡ್ಕೊಂಡಿದ್ದಾಗ, ಒಳಗೆ ಗುಂಡಿದ್ದು ಪಕ್ಕದ ಸಿಯರ್ ಪಟ್ಟಿ ಒತ್ತಿಬಿಟ್ರೆ ಹಾರುತ್ತೆ. ಹಿಡಿಯೂ ಇಲ್ಲ, ಟ್ರಿಗರೂ ಇಲ್ಲ, ಆದ್ರೂ ಹಾರುತ್ತೆ.

ಅಳಿಯ: ಸರಿ ಮಾವ, ತಪ್ಪಾಯ್ತು. ಈಗ ಹೇಳಿ, ಇದು ಅಸಲಿಯಾ?

ಮಾವ: ಏನು ಅಸಲಿ ಅಂತ ಕೇಳ್ತಿದೀಯ? ಜರ್ಮನಿಯಲ್ಲಿ ಮಾಡಿದ್ದಾ ಅಂತ ಕೇಳೋದಾದ್ರೆ ಹೌದು, ಅದಕ್ಕೆ ನೀನು ಕ್ಲೀವ್‌ಲ್ಯಾಂಡಿನಿಂದ ಕಾರು ಓಡಿಸ್ಕೊಂಡು ನನ್ನ ಹತ್ರ ಬರಬೇಕಾಗಿರಲಿಲ್ಲ. ಟಾಗಲ್ ಮೇಲೆ ‘ಎಸ್/42’ ಅಂತಿದೆ, ಅದು ಓಬರ್ನ್‌ಡಾರ್ಫ್ ಊರಿನ ಮೌಸರ್ ಕಾರ್ಖಾನೆಯ ಗುಪ್ತ ಸಂಕೇತ. ಚೇಂಬರ್ ಮೇಲೆ 1937. ಬಲಗಡೆ ಹದ್ದಿನ ಮುದ್ರೆಗಳು, ಅದರ ಕೆಳಗೆ 63, ಅಂದ್ರೆ ಸೈನ್ಯದ ತಪಾಸಣಾಧಿಕಾರಿ ಒಪ್ಪಿದ್ದಾನೆ. ಮಾದರಿ ಪಿ08, ಜರ್ಮನ್ ಸೈನ್ಯ 1908ರಲ್ಲಿ ತಗೊಂಡದ್ದು. ನೌಕಾಪಡೆ ಅದಕ್ಕೂ ಮುಂಚೆ, 1904ರಲ್ಲೇ ತಗೊಂಡಿತ್ತು. ಎಲ್ಲರಿಗಿಂತ ಮೊದಲು, 1900ರಲ್ಲಿ, ಸ್ವಿಸ್ ಸೈನ್ಯ. ಇಷ್ಟೆಲ್ಲ ಪುಸ್ತಕ ತೆರೆದ್ರೆ ಯಾರಿಗೂ ಸಿಗುತ್ತೆ. ಈ ಪಿಸ್ತೂಲು ಸುಳ್ಳಲ್ಲ. ಇದರ ಮೇಲೆ ಎಲ್ಲೋ ಒಂದು ಸುಳ್ಳಿದೆಯಾ ಅನ್ನೋದು ನಿನ್ನ ಪ್ರಶ್ನೆ. ಅದು ಬೇರೆ.

ಅಳಿಯ: ಗುಪ್ತ ಸಂಕೇತ ಯಾಕೆ? ಕಾರ್ಖಾನೆ ಹೆಸರು ಹಾಕೋಕೆ ಏನು ಅಡ್ಡಿ?

ಮಾವ: ವರ್ಸೇಲ್ಸ್ ಒಪ್ಪಂದ. ಮೊದಲ ಮಹಾಯುದ್ಧ ಸೋತ ಮೇಲೆ ಜರ್ಮನಿ ಒಂದು ಲಕ್ಷಕ್ಕಿಂತ ಹೆಚ್ಚು ಸೈನಿಕರನ್ನ ಇಟ್ಕೊಳ್ಳೋ ಹಾಗಿರಲಿಲ್ಲ. ಅದಕ್ಕಿಂತ ದೊಡ್ಡ ಸೈನ್ಯಕ್ಕೆ ಆಯುಧ ಕದ್ದು ಮಾಡುವಾಗ ಹೆಸರೂ ಹಾಕಲ್ಲ, ವರ್ಷವೂ ಹಾಕಲ್ಲ. 1934ರ ಪಿಸ್ತೂಲಿನ ಮೇಲೆ ವರ್ಷದ ಬದಲು ಬರೀ ‘ಕೆ’ ಅಕ್ಷರ, 1935ರ ಮೇಲೆ ‘ಜಿ’. 1935ರ ಮಾರ್ಚಿನಲ್ಲಿ ಹಿಟ್ಲರ್ ಬಹಿರಂಗವಾಗಿ ಒಪ್ಪಂದ ಮುರಿದು ಕಡ್ಡಾಯ ಸೈನ್ಯಸೇವೆ ಸಾರಿದ ಮೇಲೆ ಬಚ್ಚಿಡೋದಕ್ಕೇನು ಉಳೀತು? 1936ರಿಂದ ವರ್ಷ ರಾಜಾರೋಷವಾಗಿ ಚೇಂಬರ್ ಮೇಲೆ ಬಂತು. ಹೆಸರಿನ ಬದಲು ಸಂಕೇತ ಹಾಕೋ ಚಾಳಿ ಮಾತ್ರ ಯುದ್ಧ ಮುಗಿಯೋವರೆಗೂ ಉಳ್ಕೊಂಡ್ತು. ಆಮೇಲೆ ‘42’ ಅಂತ, ಕೊನೆಗೆ ‘ಬಿವೈಎಫ್’ ಅಂತ ಬದಲಾಯ್ತು, ಅಷ್ಟೆ.

ಅಳಿಯ: ಬಿವೈಎಫ್ ಗೊತ್ತು. ಕಪ್ಪು ಪ್ಲಾಸ್ಟಿಕ್ ಹಿಡಿ ಇರೋದು. ‘ಬ್ಲ್ಯಾಕ್ ವಿಡೋ’.

ಮಾವ: ಆ ಹೆಸರನ್ನ ಯಾವ ಜರ್ಮನ್ ಸೈನಿಕನೂ ಕೇಳಿರಲಿಲ್ಲ. ಯುದ್ಧ ಮುಗಿದು ಎಷ್ಟೋ ವರ್ಷದ ಮೇಲೆ ಅಮೆರಿಕದ ವ್ಯಾಪಾರದಲ್ಲಿ ಹುಟ್ಟಿದ್ದು. ಹೆಸರು ಬಂದಿದ್ದೇ ಬೆಲೆ ಏರಿತು, ಬೆಲೆ ಏರಿದ್ದೇ ಮರದ ಹಿಡಿ ಕಿತ್ತು ಕರಿ ಹಿಡಿ ಕೂರಿಸೋರು ಹುಟ್ಕೊಂಡ್ರು. ಕೊಳ್ಳೋನಿಗೆ ಏನು ಬೇಕೋ ಅದನ್ನೇ ತಾನೇ ಮೋಸಗಾರ ಮಾಡೋದು. ನಿನಗೆ ಏನು ಬೇಕು ಅಂತ ನೀನು ಬಾಗಿಲಲ್ಲೇ ಹೇಳಿಬಿಟ್ಟೆ: ಎಲ್ಲ ನಂಬರೂ ಹೊಂದಬೇಕು.

ಅಳಿಯ: ಅದು ತಪ್ಪಾ? ಎಲ್ಲರೂ ಅದನ್ನೇ ನೋಡ್ತಾರೆ.

ಮಾವ: ನೋಡಬೇಕು. ಆದ್ರೆ ಅಲ್ಲಿ ನಂಬರ್ ಯಾಕಿದೆ ಅಂತ ಮೊದಲು ಗೊತ್ತಿರಬೇಕು. ನಾನು ಎಚ್‌ಎಂಟಿ ಟೂಲ್‌ರೂಮಿಗೆ ಅಪ್ರೆಂಟಿಸ್ ಆಗಿ ಸೇರಿದಾಗ ಮೊದಲು ಕಲಿಸಿದ್ದು ಅರ ಹಿಡಿಯೋದನ್ನ. ಎರಡು ಮುಖ ಒಂದಕ್ಕೊಂದು ಕೂರೋವರೆಗೆ ಉಜ್ಜು, ನೀಲಿ ಹಚ್ಚು, ನೋಡು, ಮತ್ತೆ ಉಜ್ಜು. ಲೂಗರ್ ಆ ಕಾಲದ ಕೆಲಸ. ನಳಿಗೆಯೂ ಅದನ್ನ ಹಿಡಿದಿರೋ ರಿಸೀವರೂ ಗುಂಡು ಹಾರಿದಾಗ ಒಟ್ಟಿಗೆ ಹಿಂದೆ ಸರಿಯುತ್ತೆ, ಟಾಗಲ್‌ನ ಮಂಡಿಕೀಲು ಮಡಚಿ ಮೇಲೇಳುತ್ತೆ, ಖಾಲಿ ತೋಟಾ ಹೊರಗೆ ಹಾರುತ್ತೆ, ಸ್ಪ್ರಿಂಗ್ ಎಲ್ಲವನ್ನೂ ಮುಂದಕ್ಕೆ ತರುತ್ತೆ. ಇಷ್ಟು ಬಿಗಿಯಾದ ಯಂತ್ರದಲ್ಲಿ ಒಂದರ ಭಾಗ ಇನ್ನೊಂದಕ್ಕೆ ಸಲೀಸಾಗಿ ಕೂರುತ್ತೆ ಅನ್ನೋ ಖಾತ್ರಿ ಇರಲಿಲ್ಲ. ಫಿಟ್ಟರ್ ಒಂದೊಂದನ್ನೂ ಕೈಯಲ್ಲಿ ಹೊಂದಿಸ್ತಿದ್ದ. ಹೊಂದಿಸಿದ ಮೇಲೆ ಬಣ್ಣಕ್ಕೆ ಅಂತ ಎಲ್ಲ ಬಿಚ್ಚಬೇಕು, ಆಮೇಲೆ ಅದದನ್ನ ಅದದಕ್ಕೇ ಸೇರಿಸಬೇಕು. ಹೇಗೆ ಗೊತ್ತಾಗಬೇಕು? ಮದುವೆ ಮನೆಗೆ ಕೊಟ್ಟ ಕೊಳದಪ್ಪಲೆ ವಾಪಸ್ ನಮ್ಮ ಮನೆಗೇ ಬರಲಿ ಅಂತ ಅಜ್ಜಿ ಹೆಸರು ಕೊರೆಸ್ತಿದ್ಲಲ್ಲ, ಅದೇ ಲೆಕ್ಕ. ರಿಸೀವರ್, ನಳಿಗೆ, ಫ್ರೇಮಿಗೆ ಪೂರ್ತಿ ನಂಬರ್. ಟ್ರಿಗರ್, ಟಾಗಲ್ ಕೊಂಡಿಗಳು, ಸೇಫ್ಟಿ, ಸೈಡ್‌ಪ್ಲೇಟು, ಎಕ್ಸ್‌ಟ್ರಾಕ್ಟರ್ ಇವಕ್ಕೆಲ್ಲ ಕೊನೆಯ ಎರಡಂಕಿ. ನಿನ್ನದು 3146. ಹಾಗಾಗಿ ಚಿಕ್ಕದರ ಮೇಲೆಲ್ಲ 46. ಕೆಲಸಗಾರ ತನ್ನ ಅನುಕೂಲಕ್ಕೆ ಹೊಡೆದ ಗುರುತದು. ಮುಂದೊಂದು ದಿನ ಓಹಾಯೋದಲ್ಲಿ ಅದಕ್ಕೆ ಡಾಲರ್ ಕಟ್ತಾರೆ ಅಂತ ಅವನಿಗೇನು ಗೊತ್ತು?

ಅಳಿಯ: ಆ ಎಕ್ಸ್‌ಟ್ರಾಕ್ಟರೇ ನನಗೆ ತಲೆನೋವು. ಅದರ ಮೇಲೆ 46 ಇಲ್ಲ, 81 ಇದೆ. ಅದೊಂದು ಸರಿ ಇದ್ದಿದ್ರೆ ಪೂರ್ತಿ ಹೊಂದಾಣಿಕೆ. ಬೆಲೆಯೇ ಬೇರೆ.

ಮಾವ: ಅದರ ಮಾತು ಆಮೇಲೆ ಆಡೋಣ. ಮೊದಲು ಬಣ್ಣ ನೋಡು. ಕಿಟಕಿ ಹತ್ರ ಬಾ, ಟ್ಯೂಬ್‌ಲೈಟಿನಲ್ಲಿ ಕಾಣಲ್ಲ. ಟ್ರಿಗರ್ ಯಾವ ಬಣ್ಣ?

ಅಳಿಯ: ಹಳದಿ. ಜೇನಿನ ಬಣ್ಣ. ಸೇಫ್ಟಿ ಮೇಲೂ ಇದೆ, ಮ್ಯಾಗಜೀನ್ ಗುಂಡಿ ಮೇಲೂ ಇದೆ.

ಮಾವ: ಅದು ಬಣ್ಣ ಬಳಿದದ್ದಲ್ಲ, ಉಕ್ಕಿನದೇ ಬಣ್ಣ. ಹದ ಮಾಡುವಾಗ ಇನ್ನೂರ ಇಪ್ಪತ್ತು ಮೂವತ್ತು ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದ್ರೆ ಉಕ್ಕಿನ ಮೈಮೇಲೆ ಕೂದಲಿಗಿಂತ ಎಷ್ಟೋ ತೆಳುವಾದ ಆಕ್ಸೈಡ್ ಪೊರೆ ಕಟ್ಟುತ್ತೆ, ಬೆಳಕು ಅದರಲ್ಲಿ ಹೀಗೆ ಹೊಳೆಯುತ್ತೆ. ಇನ್ನೂ ಕಾಸಿದ್ರೆ ಕಂದು, ನೇರಳೆ, ನೀಲಿ. ಟೂಲ್‌ರೂಮಿನವರು ಥರ್ಮಾಮೀಟರ್ ಇಲ್ಲದೆ ಈ ಬಣ್ಣ ನೋಡಿಯೇ ಉಳಿ ಹದ ಮಾಡ್ತಿದ್ವಿ. ಇನ್ನು ಫ್ರೇಮು, ನಳಿಗೆ ನೋಡು, ಇದು ರಸ್ಟ್ ಬ್ಲೂ. ತುಕ್ಕು ಹಿಡಿಸಿ, ಕುದಿಯೋ ನೀರಿಗೆ ಹಾಕಿ, ಕೆಂಪು ತುಕ್ಕು ಕಪ್ಪಾದ ಮೇಲೆ ತಂತಿ ಬ್ರಷ್ಷಿನಲ್ಲಿ ತಿಕ್ಕಿ, ಮತ್ತೆ ತುಕ್ಕು ಹಿಡಿಸಿ. ಮೂರು ನಾಲ್ಕು ಸುತ್ತು. ನಿಧಾನ, ಮೃದುವಾದ ಆಳ ಬಣ್ಣ. 1937ರ ಮಧ್ಯದಲ್ಲೆಲ್ಲೋ ಮೌಸರ್ ಇದನ್ನ ಬಿಟ್ಟು ಸಾಲ್ಟ್ ಬ್ಲೂ ಹಿಡಿದ್ರು. ಕಾಸ್ಟಿಕ್ ಸೋಡಾ, ನೈಟ್ರೇಟ್ ಸೇರಿಸಿ ಕಾಸಿದ ತೊಟ್ಟಿಗೆ ಮುಳುಗಿಸಿ ತೆಗೆಯೋದು. ಬೇಗ ಆಗುತ್ತೆ, ಕಪ್ಪಾಗಿ ಹೊಳೆಯುತ್ತೆ. ಜೇನುಬಣ್ಣದ ಬಿಡಿಭಾಗಗಳ ಕಾಲವೂ ಅಲ್ಲಿಗೇ ಮುಗೀತು, ಎಲ್ಲವೂ ಒಂದೇ ಕಪ್ಪು. ಹಿಟ್ಲರನಿಗೆ ಅವಸರ ಇತ್ತಲ್ಲ.

ಅಳಿಯ: ಹಾಗಾದ್ರೆ 1937 ಅಂತಿರೋದು ಎರಡು ಥರವೂ ಇರಬಹುದು?

ಮಾವ: ಇರಬಹುದು. ಅದಕ್ಕೇ ಫ್ರೇಮಿನ ಮುಂಭಾಗ ನೋಡು. 3146ರ ಕೆಳಗೆ ಪುಟ್ಟ ‘ಸಿ’ ಅಕ್ಷರ. ಪ್ರತಿ ವರ್ಷ ನಂಬರ್ ಒಂದರಿಂದ ಶುರು. ಹತ್ತು ಸಾವಿರ ಮುಗಿದ ಮೇಲೆ ‘ಎ’ ಸೇರಿಸಿ ಮತ್ತೆ ಒಂದರಿಂದ, ಅದು ಮುಗಿದ್ರೆ ‘ಬಿ’. ‘ಸಿ’ ಅಂದ್ರೆ ವರ್ಷದ ಮೊದಲ ಭಾಗ. ರಸ್ಟ್ ಬ್ಲೂ ಇರಲೇಬೇಕು, ಜೇನುಬಣ್ಣ ಇರಲೇಬೇಕು, ಇದೆ. ಅಕ್ಷರ, ವರ್ಷ, ಬಣ್ಣ ಮೂರೂ ಒಂದೇ ಮಾತು ಹೇಳ್ತಿವೆ. ನನಗೆ ಬೇಕಾದ್ದು ಇದು. ಒಂದೇ ಗುರುತು ಎಷ್ಟು ಚೆನ್ನಾಗಿದ್ರೂ ಪ್ರಯೋಜನ ಇಲ್ಲ. ಒಂದನ್ನ ನಕಲು ಮಾಡೋನಿಗೆ ಮಿಕ್ಕೆರಡು ನೆನಪಿರಲ್ಲ.

ಅಳಿಯ: ಮತ್ತೆ ಬಣ್ಣ ಹಾಕಿಸಿರಬಹುದಲ್ಲ? ಈಗಲೂ ರಸ್ಟ್ ಬ್ಲೂ ಮಾಡೋರು ಇದ್ದಾರೆ.

ಮಾವ: ಇದ್ದಾರೆ, ಚೆನ್ನಾಗಿಯೂ ಮಾಡ್ತಾರೆ. ಆದ್ರೆ ಹೊಸ ಬಣ್ಣ ಹಾಕೋಕೆ ಮುಂಚೆ ಹಳೇದನ್ನ ತೆಗೀಬೇಕು, ಅಲ್ಲಿ ಸಿಕ್ಕಿಬೀಳ್ತಾರೆ. ಬಫಿಂಗ್ ಚಕ್ರಕ್ಕೆ ಕೊಟ್ರೆ ಚೂಪು ಅಂಚು ಮೊಂಡಾಗುತ್ತೆ, ಸ್ಕ್ರೂ ತೂತಿನ ಬಾಯಿ ತಟ್ಟೆಯಾಗುತ್ತೆ, ಮುದ್ರೆ ಅಕ್ಷರದ ಒಂದು ಮಗ್ಗುಲು ಸವೆದು ತೆಳುವಾಗುತ್ತೆ. ಇಲ್ಲಿ ನೋಡು, ರಿಸೀವರಿನ ಅಂಚು ಉಗುರಿಗೆ ಸಿಗುತ್ತೆ. ಈ ಹದ್ದಿನ ಮುದ್ರೆಯ ಸುತ್ತ ಏನು ಕಾಣುತ್ತೆ? ಲೂಪಿನಲ್ಲಿ ನೋಡು.

ಅಳಿಯ: ಸುತ್ತ ಒಂದು ತೆಳು ಬಿಳಿ ವರ್ತುಲ.

ಮಾವ: ಸಂಗ್ರಾಹಕರು ಅದಕ್ಕೆ ‘ಹೇಲೋ’ ಅಂತಾರೆ. ಬಣ್ಣ ಆದ ಮೇಲೆ ಪಂಚ್ ಹೊಡೆದ್ರೆ ಸುತ್ತಲ ಲೋಹ ಕೂದಲಷ್ಟು ಉಬ್ಬಿ ಅಲ್ಲಿನ ಬಣ್ಣ ತೆಳುವಾಗುತ್ತೆ. ಮತ್ತೆ ಬಣ್ಣ ಹಾಕಿಸಿದ್ರೆ ಮೊದಲು ಮಾಯವಾಗೋದೇ ಇದು. ಇನ್ನೊಂದು, ಹಿಡಿ ಪಕ್ಕದಲ್ಲಿ ಸಾಸಿವೆಯಷ್ಟು ತುಕ್ಕಿನ ಗುಳಿ ಇದೆಯಲ್ಲ, ಅದರ ತಳ ಕಂದು. ಗುಳಿಯ ತಳದಲ್ಲೂ ನೀಲಿ ಇದ್ದಿದ್ರೆ, ತುಕ್ಕು ತಿಂದ ಮೇಲೆ ಬಣ್ಣ ಹಾಕಿದಾರೆ ಅಂತ. ಸವೆತವೂ ಜಾಗ ನೋಡಿ ಆಗಿದೆ. ಚರ್ಮದ ಹೊದಿಕೆಗೆ ಹೋಗಿ ಬಂದು ನಳಿಗೆಯ ತುದಿ ಬೆಳ್ಳಗಾಗಿದೆ, ಕೈ ಹಿಡಿಯೋ ಕಡೆ ಫ್ರೇಮಿನ ಮುಂಪಟ್ಟಿ ಬೂದಾಗಿದೆ. ಕೈ ಹೋಗದ ಕಡೆ, ಚರ್ಮ ತಾಕದ ಕಡೆ ಸವೆದಿದ್ರೆ ನಾನು ಅನುಮಾನ ಪಡ್ತಿದ್ದೆ. ಇನ್ನು ನಳಿಗೆ. ಕೆಳಗಡೆ ನಂಬರ್, ಅದರ ಜೊತೆ ‘ಸಿ’ಯೂ ಇದೆ, ಪಕ್ಕದಲ್ಲಿ 8,82 ಅಂತಿದೆ. ಅದು ಒಳವ್ಯಾಸ, ಮಿಲಿಮೀಟರಿನಲ್ಲಿ. ನಳಿಗೆ ಮತ್ತೆ ರಿಸೀವರ್ ಸೇರೋ ಕಡೆ ಎರಡನ್ನೂ ದಾಟಿ ಒಂದು ಗೀಟು ಹೊಡೆದಿದಾರೆ, ಎರಡು ತುಂಡೂ ಒಂದೇ ಗೆರೆಯಲ್ಲಿ ಕೂತಿವೆ. ನಳಿಗೆ ಬದಲಾಗಿಲ್ಲ.

ಅಳಿಯ: ಅಂದ್ರೆ ಒಳ್ಳೇದು! ಆ 81 ಒಂದು ಬಿಟ್ರೆ.

ಮಾವ: ಆ 81 ನನಗೆ ಇಷ್ಟ ಆಯ್ತು.

ಅಳಿಯ: ಮಾವ!

ಮಾವ: ಸಿಡುಕಬೇಡ. ಎಕ್ಸ್‌ಟ್ರಾಕ್ಟರ್ ಏನು ಕೆಲಸ ಮಾಡುತ್ತೆ? ಪ್ರತಿ ಗುಂಡಿಗೂ ತೋಟಾದ ಅಂಚು ಹಿಡಿದು ಎಳೀಬೇಕು. ಮುರಿಯೋ ಭಾಗ ಅದು. ಮುರಿದಾಗ ಸೈನ್ಯದ ಆರ್ಮರರ್ ಇನ್ನೊಂದು ಹಾಕ್ತಾನೆ, ಅವನಿಗೆ ಪಿಸ್ತೂಲು ನಡೆದ್ರೆ ಸಾಕು. ಬೇರೆ ಯಾವುದೋ ಕೆಟ್ಟ ಪಿಸ್ತೂಲಿಂದ ಕಿತ್ತಿದ್ರೆ 81 ಇರುತ್ತೆ, ಹೊಸದಾಗಿದ್ರೆ ನಂಬರೇ ಇರಲ್ಲ. ಆ 81ನ್ನ ಯಾರೂ 46 ಮಾಡೋಕೆ ಹೋಗಿಲ್ಲ. ಬಣ್ಣ, ಸವೆತ ಪಕ್ಕದ ಭಾಗಕ್ಕೆ ಸರಿಯಾಗಿದೆ, ಬದಲಾಗಿ ಬಹಳ ಕಾಲ ಆಗಿದೆ. ಯಾರಿಗೂ ಮೋಸ ಮಾಡೋ ಉದ್ದೇಶ ಇಲ್ಲದ ಗುರುತು. ಈಗ ಎಡಗಡೆ ತಿರುಗಿಸು. ಸೈಡ್‌ಪ್ಲೇಟು. ಏನಿದೆ?

ಅಳಿಯ: 46. ಸ್ಪಷ್ಟವಾಗಿದೆ.

ಮಾವ: ಬಣ್ಣ?

ಅಳಿಯ: ನೀಲಿ... ಇಲ್ಲ, ಫ್ರೇಮಿಗಿಂತ ಸ್ವಲ್ಪ ಕಪ್ಪು. ಹೊಳಪೂ ಜಾಸ್ತಿ.

ಮಾವ: ಅದು ತೊಟ್ಟಿಯಲ್ಲಿ ಮುಳುಗಿ ಬಂದ ಬಣ್ಣ. ‘ಸಿ’ ಅಕ್ಷರದ ಪಿಸ್ತೂಲಿಗೆ ಆ ತಟ್ಟೆ ಎಲ್ಲಿಂದ ಬಂತು? ಈಗ ಅದನ್ನ ಬೆಳಕಿಗೆ ಓರೆ ಮಾಡು, ಕಿಟಕಿಯ ಸರಳಿನ ಬಿಂಬ ಅದರ ಮೇಲೆ ಹರಿಯಲಿ. ನಂಬರ್ ಹತ್ರ ಬಂದಾಗ ಬಿಂಬ ಏನಾಗುತ್ತೆ?

ಅಳಿಯ: ಬಾಗ್ತಿದೆ. ಅಲ್ಲಿ ಒಂದು ಚೂರು ತಗ್ಗಿದೆ.

ಮಾವ: ಅಲ್ಲಿದ್ದ ಹಳೇ ನಂಬರನ್ನ ಅರ ಹಾಕಿ ಉಜ್ಜಿದಾರೆ. ಲೋಹ ಹೋದ ಜಾಗ ತುಂಬಿಕೊಳ್ಳಲ್ಲ. ಟ್ರಿಗರ್ ಮೇಲಿನ 4 ನೋಡು, ತ್ರಿಕೋನ ಪೂರ್ತಿ ಮುಚ್ಚಿದೆ. ತಟ್ಟೆಯ 4ರ ತಲೆ ಸಣ್ಣಗೆ ಬಾಯಿ ಬಿಟ್ಟಿದೆ. ಪಂಚ್ ಬೇರೆ. ಬರೀ ಇದರ ಮೇಲೆ ನಾನು ತೀರ್ಪು ಕೊಡಲ್ಲ, ಯಾಕಂದ್ರೆ ಅಷ್ಟು ದೊಡ್ಡ ಕಾರ್ಖಾನೆಯಲ್ಲಿ ಪಂಚಿನ ಸೆಟ್ಟು ಒಂದೇ ಇರಲ್ಲ, ಸವೆದಾಗ ಹೊಸದು ಬರುತ್ತೆ. ಆದ್ರೆ ತಗ್ಗು, ಬಣ್ಣ, ಪಂಚ್ ಮೂರೂ ಒಂದೇ ಭಾಗದಲ್ಲಿ ತಪ್ಪಿದ್ರೆ?

ಅಳಿಯ: ಜರ್ಮನ್ ಆರ್ಮರರೇ ಮಾಡಿರಬಾರದಾ? ತಟ್ಟೆ ಕಳೆದುಹೋಯ್ತು, ಇನ್ನೊಂದು ಹಾಕಿದ, ನಂಬರ್ ಸರಿ ಮಾಡಿದ.

ಮಾವ: ಒಳ್ಳೇ ಪ್ರಶ್ನೆ. ಈ ತಟ್ಟೆ ಪಿಸ್ತೂಲು ಬಿಚ್ಚಿದಾಗಲೆಲ್ಲ ಸಲೀಸಾಗಿ ಕೈಗೆ ಬರುತ್ತೆ, ಹತ್ತು ಜನ ಒಂದೇ ಮೇಜಿನ ಮೇಲೆ ಶುಚಿ ಮಾಡಲು ಕೂತ್ರೆ ಅದಲು ಬದಲು ಆಗೋದೂ ಇದೇ. ಆರ್ಮರರ್ ಮರುನಂಬರ್ ಹಾಕಿದ ಪಿಸ್ತೂಲುಗಳೂ ಇವೆ. ಆದ್ರೆ ಅವನು ಹಳೇ ನಂಬರ್ ಮೇಲೆ ಒಂದು ಗೀಟು ಎಳೆದು ಪಕ್ಕದಲ್ಲಿ ಹೊಸದು ಹೊಡೀತಾನೆ. ಯಾರಿಂದ ಏನು ಮುಚ್ಚಿಡಬೇಕು ಅವನಿಗೆ? ಹಳೇದು ಕಾಣದ ಹಾಗೆ ಉಜ್ಜಿ, ತೇಯ್ದು, ಹೊಳಪು ಕೊಡೋ ತಾಳ್ಮೆ ಯುದ್ಧಕಾಲದ ಆರ್ಮರರಿಗೆ ಎಲ್ಲಿ ಬರಬೇಕು? ಒಂದು ಗುರುತಿಗೆ ಕಾರ್ಖಾನೆಯಲ್ಲೋ ಸೈನ್ಯದಲ್ಲೋ ಕಾರಣ ಸಿಗಬೇಕು. ಕೊಳ್ಳೋನ ಕಣ್ಣು ಬಿಟ್ರೆ ಬೇರೆ ಕಾರಣವೇ ಇಲ್ಲದ ಗುರುತು ಈ ತಟ್ಟೆಯ ಮೇಲಿನ 46. ನೀನು ಬೈದದ್ದು ಸತ್ಯ ಹೇಳೋ ಎಕ್ಸ್‌ಟ್ರಾಕ್ಟರನ್ನ, ಹೊಗಳಿದ್ದು ಸುಳ್ಳು ಹೇಳೋ ತಟ್ಟೆಯನ್ನ.

ಅಳಿಯ: ಆದ್ರೆ ಇದನ್ನ ಮಾರ್ತಿರೋ ಹೆಂಗಸು ಸುಳ್ಳು ಹೇಳೋರಲ್ಲ ಮಾವ. ಅವರಪ್ಪ ಅಮೆರಿಕನ್ ಸೈನ್ಯದಲ್ಲಿ ಜರ್ಮನಿಗೆ ಹೋಗಿದ್ರು, 1945ರಲ್ಲಿ ತಂದದ್ದಂತೆ. ಅಧಿಕಾರಿ ಸಹಿ ಮಾಡಿದ ಕಾಗದವೂ ಇದೆ. ಫೋಟೋ ಇದೆ, ನೋಡಿ.

ಮಾವ: ಕಾಗದ ಸರಿಯಾಗೇ ಕಾಣುತ್ತೆ. ಸೈನಿಕರು ವಶಪಡಿಸಿಕೊಂಡದ್ದನ್ನ ಮನೆಗೆ ತರೋಕೆ ಇಂಥ ಒಪ್ಪಿಗೆ ಚೀಟಿ ಬೇಕಿತ್ತು. ಆದ್ರೆ ಇದರಲ್ಲಿ ಬರೀ 3146 ಅಂತ ಟೈಪ್ ಆಗಿದೆ, ‘ಸಿ’ ಇಲ್ಲ. ಬರೆದವನಿಗೆ ಆ ಪುಟ್ಟ ಅಕ್ಷರದ ಬೆಲೆ ಗೊತ್ತಿರಲಿಲ್ಲ, ಅದು ತಪ್ಪಲ್ಲ. ಆದ್ರೆ 1937 ಒಂದರಲ್ಲೇ 3146 ಅನ್ನೋ ಪಿಸ್ತೂಲು ಅಕ್ಷರಕ್ಕೊಂದು ಹುಟ್ಟಿದೆ. ಮಿಕ್ಕ ವರ್ಷಗಳ ಲೆಕ್ಕ ಬೇರೆ. ಆ ಕಾಗದ ಒಂದು ಲೂಗರ್ ಬಂತು ಅಂತ ಹೇಳುತ್ತೆ, ಇದೇ ಬಂತು ಅಂತ ಹೇಳಲ್ಲ. ಬಂದಿರಬಹುದು. ನಾನು ನಂಬ್ತೀನಿ. ನಾನು ನಂಬದೇ ಇರೋದು, ಅವತ್ತಿಂದ ಬೀರು ಬಿಟ್ಟು ಕದಲಿಲ್ಲ ಅನ್ನೋದನ್ನ. ತಟ್ಟೆ ಕಳೆದೋ ಕೆಟ್ಟೋ ಇರಬೇಕು, ಯಾವುದೋ ರಿಪೇರಿ ಅಂಗಡಿಗೆ ಹೋಗಿರಬೇಕು, ಅಲ್ಲಿ ಯಾರೋ ಉಪಕಾರ ಮಾಡ್ತೀನಿ ಅಂತ ನಂಬರ್ ಹೊಂದಿಸಿ ಕೊಟ್ಟಿರಬೇಕು. ಮಗಳಿಗೆ ಅದೆಲ್ಲ ಏನು ಗೊತ್ತು? ಆಕೆ ಕೇಳಿದ್ದನ್ನ ಆಕೆ ಹೇಳಿದಾಳೆ.

ಅಳಿಯ: ನಂಬರ್ ಇಷ್ಟೇನಾ ಹಾಗಾದ್ರೆ? ಗಾಂಧೀಜಿಯನ್ನ ಕೊಂದ ಪಿಸ್ತೂಲಿನ ನಂಬರ್ ಎಲ್ಲ ಪುಸ್ತಕದಲ್ಲೂ ಬರುತ್ತೆ. ಅದೇ ಅದರ ಗುರುತು.

ಮಾವ: 606824. ಇಟಲಿಯ ಬೆರೆಟ್ಟಾ, 1934ರ ಮಾದರಿ, ಅವರ ಸೈನ್ಯದ ಪಿಸ್ತೂಲು. ಗ್ವಾಲಿಯರಿನಲ್ಲಿ ಗೋಡ್ಸೆಯ ಕೈಗೆ ಬಂತು. ಅಲ್ಲಿ ನಂಬರ್ ದೊಡ್ಡದಾಗೋದು ಅದರ ಹಿಂದೆ ನ್ಯಾಯಾಲಯ ನಿಂತಿರೋದರಿಂದ. ಹಿಡಿದವರು, ಸಾಕ್ಷಿ ಹೇಳಿದವರು, ದಾಖಲೆ ಬರೆದವರು ಎಲ್ಲ ಇದ್ದಾರೆ. ನಿನ್ನ 3146ರ ಹಿಂದೆ ಒಂದು ಟೈಪಾದ ಚೀಟಿ ಇದೆ. ಬೆರೆಟ್ಟಾ ಮಾತು ಬಂದದ್ದಕ್ಕೆ ಹೇಳ್ತೀನಿ, ನಕಲು ಹಿಡಿಯೋಕೆ ಅದು ಮಜವಾದ ಪಿಸ್ತೂಲು. ಅದರ ಮೇಲೆ ಎರಡು ಕ್ಯಾಲೆಂಡರ್. 1937 ಅಂತ ಇರುತ್ತೆ, ಪಕ್ಕದಲ್ಲಿ ರೋಮನ್ ಅಂಕಿಯಲ್ಲಿ ಹದಿನೈದು. ಮುಸೊಲಿನಿ 1922ರ ಅಕ್ಟೋಬರ್ ಕೊನೆಯಲ್ಲಿ ರೋಮ್ ಮೇಲೆ ದಂಡೆತ್ತಿ ಬಂದದ್ದರಿಂದ ಎಣಿಸಿದ ಫ್ಯಾಸಿಸ್ಟ್ ಶಕೆ ಅದು. ಹಾಗಾಗಿ 1937ಕ್ಕೆ ಹದಿನೈದು ಸರಿ, ಅಕ್ಟೋಬರ್ ದಾಟಿದ್ರೆ ಹದಿನಾರೂ ಸರಿ, ಹದಿನಾಲ್ಕು ಬಂದ್ರೆ ಎದ್ದು ಬಾ. 1943ರ ಜುಲೈನಲ್ಲಿ ಮುಸೊಲಿನಿ ಬಿದ್ದ, 1944ರ ಪಿಸ್ತೂಲಿನ ಮೇಲೆ ರೋಮನ್ ಅಂಕಿ ಇಲ್ಲ. ಸರ್ಕಾರ ಬಿದ್ದದ್ದು ಉಕ್ಕಿನ ಮೇಲೂ ಕಾಣುತ್ತೆ.

ಅಳಿಯ: ಮೊನ್ನೆ ಗನ್ ಶೋದಲ್ಲಿ ಒಂದು ಲೂಗರ್ ನೋಡಿದೆ, ಅದರ ಮೇಲೂ ಎರಡು ವರ್ಷ ಇತ್ತು. 1917, ಅದರ ಮೇಲೆ 1920. ನಕಲಿ ಅಂತ ಬಿಟ್ಟು ಬಂದೆ.

ಮಾವ: ಅಯ್ಯೋ! ಅದನ್ನ ಬಿಟ್ಟು ಬಂದೆಯಾ? ಯುದ್ಧ ಮುಗಿದ ಮೇಲೆ ಜರ್ಮನಿಯ ತುಂಬ ಸರ್ಕಾರಿ ಆಯುಧ ಚೆಲ್ಲಿ ಹೋಗಿತ್ತು, ಸೈನಿಕರು ಮನೆಗೆ ಹೊತ್ಕೊಂಡು ಹೋಗಿದ್ರು. ಇದು ಸರ್ಕಾರದ ಸ್ವತ್ತು ಅಂತ 1920ರಲ್ಲಿ ಮುದ್ರೆ ಹೊಡೆದದ್ದು ಅದು. ಹುಟ್ಟಿದ್ದು ಕೈಸರನ ಯುದ್ಧಕ್ಕೆ, ಮುದ್ರೆ ಬಿದ್ದದ್ದು ಗಣರಾಜ್ಯದ್ದು. ಕೆಲವು ಹಿಟ್ಲರನ ಕಾಲದವರೆಗೂ ನಡೆದಿವೆ. ಅಂಥದಕ್ಕೆ ಕಾರ್ಖಾನೆಯಿಂದ ಹೊರಬಂದ ಹಾಗೇ ಇರಬೇಕು ಅನ್ನೋ ಹಟ ಹಿಡಿದ್ರೆ ಅದರ ಅರ್ಧ ಚರಿತ್ರೆಯನ್ನ ಕಲೆ ಅಂತ ಕರೆದ ಹಾಗಾಯ್ತು. ಎರಡನೇ ಮಹಾಯುದ್ಧದಲ್ಲಿ ರಷ್ಯನ್ನರು ವಶಪಡಿಸಿಕೊಂಡವಂತೂ ಇನ್ನೂ ಜೋರು. ರಾಶಿ ರಾಶಿ ಲೂಗರ್ ಬಿಚ್ಚಿ, ತೊಟ್ಟಿಗೆ ಅದ್ದಿ, ಕೈಗೆ ಸಿಕ್ಕ ಭಾಗ ಸಿಕ್ಕ ಪಿಸ್ತೂಲಿಗೆ ಸೇರಿಸಿ ಉಗ್ರಾಣದಲ್ಲಿಟ್ರು. ನಂಬರ್ ಒಂದಕ್ಕೊಂದು ಸಂಬಂಧ ಇಲ್ಲ, ಎಡಗಡೆ ಒಂದು ಎಕ್ಸ್ ಗುರುತು. ಇಲ್ಲಿನವರು ಮೂಗು ಮುರೀತಾರೆ. ಪೂರ್ವದ ರಣರಂಗದಿಂದ ಬಂದದ್ದಕ್ಕೆ ಅದಕ್ಕಿಂತ ಗಟ್ಟಿ ಪುರಾವೆ ಬೇಕಾ? ಬೀರುವಿನಲ್ಲಿ ಎಣ್ಣೆ ಹಚ್ಚಿ ಮಲಗಿಸಿದ, ಗುಂಡೇ ಹಾರದ ಪಿಸ್ತೂಲಿಗೆ ಮೂರು ಪಟ್ಟು ಕೊಡ್ತಾರೆ, ಯುದ್ಧ ನೋಡಿದ್ದನ್ನ ಬೇಡ ಅಂತಾರೆ. ನನಗೆ ಆ ರುಚಿ ಇವತ್ತಿಗೂ ಅರ್ಥ ಆಗಿಲ್ಲ.

ಅಳಿಯ: ಮ್ಯಾಗಜೀನ್ ನೋಡಲೇ ಇಲ್ಲ ನೀವು.

ಮಾವ: ನೋಡಿದೆ. ತಳ ಅಲ್ಯೂಮಿನಿಯಮ್, ಕಾಲಕ್ಕೆ ಸರಿ. 3146, ಸಿ, ಪಕ್ಕದಲ್ಲಿ ಕೂಡಿಸೋ ಚಿಹ್ನೆ. ಪ್ರತಿ ಪಿಸ್ತೂಲಿಗೂ ಎರಡು ಮ್ಯಾಗಜೀನ್ ಕೊಡ್ತಿದ್ರು, ಎರಡನೆಯದಕ್ಕೆ ಆ ಚಿಹ್ನೆ. ಹೊದಿಕೆಯ ಜೇಬಿನಲ್ಲಿರಬೇಕಾದ್ದು ನಿನ್ನ ಹತ್ರ ಇದೆ, ಪಿಸ್ತೂಲಿನಲ್ಲಿರಬೇಕಾದ್ದು ಹೋಗಿದೆ. ಅಕ್ಷರ ಹಳೇದು, ಒಳಗೆ ಕೊಳೆ ಕೂತಿದೆ. ಸರಿಯಾಗಿದೆ. ಮರದ ಹಿಡಿಯ ಒಳಮೈಯಲ್ಲೂ 46 ಇದೆಯಾ ಅಂತ ಸ್ಕ್ರೂ ಬಿಚ್ಚಿ ನೋಡಬಹುದು, ಸ್ಕ್ರೂಗೆ ಸರಿಯಾಗಿ ಕೂರೋ ಡ್ರೈವರ್ ತರೋವರೆಗೆ ಬೇಡ. ತಲೆ ಕೆದರಿದ ಸ್ಕ್ರೂ ಅಂದ್ರೆ ಮುಂದಿನವನು ನಿನ್ನನ್ನ ಬೈತಾನೆ.

ಅಳಿಯ: ನನಗೆ ಇದನ್ನ ಒಂದು ದಿನ ಬೆಂಗಳೂರಿಗೆ ತಗೊಂಡು ಹೋಗಿ ಅಪ್ಪನಿಗೆ ತೋರಿಸಬೇಕು ಅಂತಿತ್ತು.

ಮಾವ: ಆ ಆಸೆ ಇಲ್ಲೇ ಬಿಡು. ಒಂಬತ್ತು ಮಿಲಿಮೀಟರ್ ನಮ್ಮಲ್ಲಿ ನಿಷಿದ್ಧ ಬೋರ್. ಸಂಗ್ರಹ, ಸ್ಮರಣಿಕೆ ಅಂದ್ರೆಲ್ಲ ಕಸ್ಟಮ್ಸಿನವರು ಕೇಳಲ್ಲ. ಫೋಟೋ ತಗೊಂಡು ಹೋಗು.

ಅಳಿಯ: ಮಾವ, ನನಗೊಂದು ಉಪಾಯ ಹೊಳೀತಿದೆ. ತಟ್ಟೆ ಮೇಲೆ ಕೊನೆಯ ಎರಡಂಕಿ ಮಾತ್ರ ತಾನೇ? ಹಾಗಾದ್ರೆ ಪ್ರತಿ ನೂರು ತಟ್ಟೆಗೊಂದರ ಮೇಲೆ ಕಾರ್ಖಾನೆಯವರೇ ಹೊಡೆದ 46 ಇರುತ್ತೆ. 1937ರ ಆರಂಭದ್ದು, ರಸ್ಟ್ ಬ್ಲೂ ಇರೋದು, ಹುಡುಕಿದ್ರೆ ಸಿಗಲ್ವಾ?

ಮಾವ: ಸಿಗುತ್ತೆ. ಅದನ್ನೇ ಕಸುಬು ಮಾಡ್ಕೊಂಡು ಹುಡುಕೋರಿದ್ದಾರೆ. ಡಬ್ಬಿ ತುಂಬ ಬಿಡಿಭಾಗ ಇಟ್ಕೊಂಡು ನಂಬರ್ ಪ್ರಕಾರ ಮಾರೋರೂ ಇದ್ದಾರೆ.

ಅಳಿಯ: ಆಗ ಅದು ಸುಳ್ಳಾ? ತಟ್ಟೆ ಅಸಲಿ, ಬಣ್ಣ ಅಸಲಿ, ನಂಬರ್ ಅಸಲಿ.

ಮಾವ: ಎಲ್ಲ ಅಸಲಿ, ಜೋಡಿ ನಕಲಿ. ಕೂರಿಸಿದಾಗ ಸಂದು ಎಲ್ಲೋ ಒಂದೆಳೆ ಜಾಸ್ತಿ ಇರಬಹುದು, ಸವೆತದ ಗೆರೆ ಫ್ರೇಮಿಂದ ತಟ್ಟೆಗೆ ಮುಂದುವರಿಯದೆ ಇರಬಹುದು. ಅಷ್ಟೂ ಹೊಂದಿಬಿಟ್ರೆ ನನಗೂ ಗೊತ್ತಾಗಲ್ಲ.

ಅಳಿಯ: ನಿಮಗೇ ಗೊತ್ತಾಗಲ್ಲ ಅಂದ್ಮೇಲೆ ತಪ್ಪೇನು? ನಾನು ಬೇಕಾದ್ರೆ ಚೀಟಿ ಬರೆದು ಡಬ್ಬಿಯಲ್ಲಿ ಇಡ್ತೀನಿ, ತಟ್ಟೆ ಬದಲಾಯಿಸಿದೀನಿ ಅಂತ.

ಮಾವ: ನೀನು ಬರೀತೀಯ. ನಿನ್ನ ಮಗ ಮಾರುವಾಗ ಕೊಳ್ಳೋನು ಆ ಚೀಟಿ ಇಟ್ಕೋತಾನಾ? ಚೀಟಿಗೆ ನಂಬರ್ ಹೊಡೆದಿರಲ್ಲ. ಅದಕ್ಕೇ ಹೇಳೋದು, ಈ ಕೆಟ್ಟ ತಟ್ಟೆಯೇ ಇರಲಿ. ಕೆಲಸ ಕಳಪೆ, ಲೂಪು ಹಿಡಿದೋನಿಗೆಲ್ಲ ಸಿಕ್ಕಿಬೀಳುತ್ತೆ, ಯಾರೂ ಮೋಸ ಹೋಗಲ್ಲ.

ಅಳಿಯ: ಬೆಲೆ?

ಮಾವ: ಎರಡು ಭಾಗ ಹೊಂದದ ಪಿಸ್ತೂಲು ಅಂತ ಲೆಕ್ಕ ಹಾಕು. ಕೆಲವೊಮ್ಮೆ ಅರ್ಧದ ಹತ್ತಿರ ಇಳಿಯುತ್ತೆ. ಆಕೆಗೆ ಬರೀ ಬೆಲೆ ಹೇಳಬೇಡ, ಯಾಕೆ ಅಂತ ತಟ್ಟೆ ತೋರಿಸು, ಕಿಟಕಿ ಹತ್ರ ಕರ್ಕೊಂಡು ಹೋಗಿ. ಅಪ್ಪನ ಮೇಲೆ ಅನುಮಾನ ಬರೋ ಹಾಗೆ ಮಾತಾಡಬೇಡ. ಹೊದಿಕೆ ಎಲ್ಲಾದ್ರೂ ಅಟ್ಟದ ಮೇಲಿದೆಯಾ ಕೇಳು, ಜೇಬಿನಲ್ಲಿ ಆ ಇನ್ನೊಂದು ಮ್ಯಾಗಜೀನ್ ಇದ್ದರೂ ಇರಬಹುದು. ಬೇರೆಯವರಿಗೆ ಮಾರ್ತೀನಿ ಅಂದ್ರೆ ಮಾರಲಿ.

ಅಳಿಯ: ಎಕ್ಸ್‌ಟ್ರಾಕ್ಟರ್ ಮಾತ್ರ ಬದಲಾಯಿಸಿಬಿಡಲಾ? 46 ಸಿಕ್ಕಿದ್ರೆ?

ಮಾವ: ಅದನ್ನ ಮುಟ್ಟಿದ್ರೆ ನೋಡು.